ಎರಡು ದಿಬ್ಬಗಳ ನಡುವಿನ ನೀರು

ಕಮಲಾಕರ ರಾಯರು ಮೂವತ್ತು ಚಿಲ್ಲರೆ ವರ್ಷ ಕಷ್ಟಪಟ್ಟು ಸಾಧಿಸಿದ್ದು ಏನೆಂದರೆ, ಏನೂ ಆಗುವುದಿಲ್ಲ ಎಂಬುದನ್ನು. ಇದು ಗೇಲಿಯ ಮಾತಲ್ಲ, ಅವರ ಸಂಶೋಧನೆಯ ಸಾರವೇ ಅದು. ಹರಿಯುವ ನೀರಿನ ತಳದಲ್ಲಿ ಒಂದು ದಿಬ್ಬವಿದ್ದರೆ ದಡದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಆದರೆ ಅದನ್ನು ದಾಟಿ ಬಂದ ನೀರಿನ ಮೈಮೇಲೆ ಸಾಲಾಗಿ ಅಲೆಗಳು ಎದ್ದು ನಿಲ್ಲುತ್ತವೆ. ಅದೇ ಆಕಾರದ ಇನ್ನೊಂದು ದಿಬ್ಬವನ್ನು ಸರಿಯಾದ ದೂರದಲ್ಲಿ ಮುಳುಗಿಸಿಟ್ಟರೆ ಎರಡರ ಅಲೆಗಳೂ ಒಂದನ್ನೊಂದು ತಿಂದುಹಾಕಿ, ಆಚೆಗಿನ ನೀರು ಏನೂ ನಡೆದೇ ಇಲ್ಲವೆಂಬಂತೆ ಸಮತಟ್ಟಾಗಿ ಹರಿದುಹೋಗುತ್ತದೆ. ಹೀಗಾಗಬಹುದೆಂದು ಹಿಂದಿನವರೂ ಹೇಳಿದ್ದರು. ಯಾವ ಆಕಾರದ ದಿಬ್ಬಕ್ಕೆ ಎಷ್ಟು ದೂರ ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿ ಕೂತವರು ರಾಯರು.

ಚೆನ್ನೈನ ಒಂದು ಎಂಜಿನಿಯರಿಂಗ್ ಕಾಲೇಜಿನ ಗಣಿತ ವಿಭಾಗದಲ್ಲಿ ಅವರು ಈ ಕೆಲಸ ಮಾಡಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಅವರು ನೀರನ್ನು ಮುಟ್ಟಿದ್ದು ಸ್ನಾನಕ್ಕೆ, ಸಂಧ್ಯಾವಂದನೆಗೆ ಮಾತ್ರ. ಮರೀನಾಕ್ಕೆ ಹೋದರೂ ಸಮುದ್ರಕ್ಕೆ ಬೆನ್ನು ಹಾಕಿ ಕೂತು ಕಡಲೆಯ ಸುಂಡಲ್ ತಿಂದು ಬರುತ್ತಿದ್ದರು. ಅಲ್ಲಿನ ಅಲೆಗಳು ಅವರ ಸಮೀಕರಣಕ್ಕೆ ಬಗ್ಗುವ ಜಾತಿಯವಲ್ಲ. ಅವರ ನೀರು ಬೇರೆ. ಅದಕ್ಕೆ ಜಿಗುಟಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಚೆನ್ನೈನಲ್ಲಿ ಅಂಥ ನೀರು ಕಾಗದದ ಮೇಲಲ್ಲದೆ ಇನ್ನೆಲ್ಲಿ ಸಿಗಬೇಕು?

ರಾಯರಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಅತ್ತೆ ಸೊಸೆಯರ ಜಗಳದ ವಿಷಯ ತೆಗೆದರೆ ಸಾಕು, ಅವರು ಎಲೆಯ ಮೇಲೆ ಕೈ ನಿಲ್ಲಿಸಿ ಹೇಳುತ್ತಿದ್ದರು: "ನಮ್ಮನೇಲಿ ಅಮ್ಮ, ಜಾನಕಿ ಇಬ್ಬರೂ ಇಪ್ಪತ್ತೈದು ವರ್ಷ ಒಂದೇ ಅಡಿಗೆಮನೇಲಿ ಇದ್ರು. ಒಂದು ದಿನ ಒಂದು ಸದ್ದು ಕೇಳಿದ್ದಿಲ್ಲ ನಾನು!" ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹೆಂಗಸರ ಪಂಕ್ತಿಯಲ್ಲಿದ್ದ ಜಾನಕಮ್ಮ ಮಾತ್ರ ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಚೂರು ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದರು.

ತಿಂಗಳ ಕೊನೆಗೆ ರಾಯರ ನಿವೃತ್ತಿ. ವಿಭಾಗದವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಶಾಲು, ಹಣ್ಣಿನ ಬುಟ್ಟಿ, ಭಾಷಣ, ಜೊತೆಗೆ ಮೇಡಂ ಅವರಿಂದ ಎರಡು ಮಾತು. ಈ ಎರಡು ಮಾತೇ ತಕರಾರಿಗೆ ಮೂಲವಾಯಿತು.

"ಏನೂಂದ್ರೆ, ಅಲ್ಲಿ ನಾನು ಏನು ಹೇಳ್ಲಿ?" ಜಾನಕಮ್ಮ ಕೇಳಿದರು. ಕೋಡಂಬಾಕ್ಕಂನ ಅವರ ಫ್ಲಾಟಿನ ಹಾಲಿನಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದರು. ಚೆನ್ನೈನಲ್ಲೇ ನೆಲೆಯಾದ ಅವರ ಕನ್ನಡದಲ್ಲಿ ತಮಿಳು ಬೆರೆತಿತ್ತು. "ಮದುವೆಯಾದಾಗಿಂದ ಎಲ್ಲಾರೂ ಕೇಳ್ತಾರೆ, ನಿಮ್ಮ ಆತ್ತುಕಾರರು, ನಿಮ್ಮ ಯಜಮಾನರು, ಏನು ಮಾಡ್ತಾರೆ ಅಂತ. ಲೆಕ್ಕ ಮಾಡ್ತಾರೆ ಅಂತೀನಿ. ಯಾವ ಲೆಕ್ಕ ಅಂದ್ರೆ ನೀರಿನ ಲೆಕ್ಕ ಅಂತೀನಿ. ಪಕ್ಕದ ಮನೆ ಮಾಮಿ ನೀವು ಮೆಟ್ರೊ ವಾಟರ್ ಆಫೀಸಲ್ಲಿದೀರಿ ಅಂತ ತಿಳ್ಕೊಂಡು ನೀರಿನ ಲಾರಿ ಯಾಕೆ ಬರ್ಲಿಲ್ಲ ಅಂತ ನನ್ನ ಹತ್ರ ಜಗಳ, ಸಂಡೆ ಮಾಡಿದ್ಳು!"

"ನಾನು ನಿನಗೆ ಎಷ್ಟೋ ಸಲ ಹೇಳಿದ್ದೀನಲ್ಲ ಜಾನಕಿ."

"ಹೇಳಿದ್ದೀರಿ. ಹೇಳಿದ್ದು ತಲೆ ಮೇಲೆ ಹೋಯ್ತು. ಒಂದೇ ಒಂದು ಸಲ ಕಣ್ಣಲ್ಲಿ ತೋರಿಸಿ. ನೋಡಿದ್ರೆ ನಾನೇ ಹೇಳ್ತೀನಿ ಎರಡು ಮಾತು. ಇಲ್ದಿದ್ರೆ ಸ್ಟೇಜ್ ಹತ್ತಕ್ಕೆ ಮಾಟ್ಟೇನ್, ಹತ್ತೋದೇ ಇಲ್ಲ."

ರಾಯರಿಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಜಪಾನಿನವರಿಗೆ, ನಾರ್ವೆಯವರಿಗೆ ತಮ್ಮ ಕೆಲಸ ಅರ್ಥವಾಗಿದೆ. ಎದುರಿಗೆ ಬೀನ್ಸ್ ಮುರಿಯುತ್ತಾ ಕೂತವಳಿಗೆ ಆಗಿಲ್ಲ. ಅವರಿಗೆ ನಿಜವಾಗಿಯೂ ಸಂಕಟವಾಯಿತು. ನಿವೃತ್ತಿಯಾಗುವುದರೊಳಗೆ ಜಾನಕಿಗೆ ಇದನ್ನು ತೋರಿಸಲೇಬೇಕು ಎಂಬ ಹಟ ಹಿಡಿಯಿತು. ಶಾಲು ಹೊದಿಸದಿದ್ದರೂ ಚಿಂತೆಯಿಲ್ಲ, ಅವಳು ಒಮ್ಮೆ ನೋಡಿ "ಓಹೋ, ಇದಾ!" ಅಂದರೆ ಸಾಕು.

ಮರುದಿನವೇ ಅವರು ಪದ್ಮನಾಭನ ಹತ್ತಿರ ಹೋದರು. ಮದ್ದೂರಿನ ಕಡೆಯ ಪದ್ಮನಾಭ ಅದೇ ಕಾಲೇಜಿನ ಜಲಪ್ರಯೋಗಾಲಯದ ಮುಖ್ಯಸ್ಥ. ಕೆಲವು ವರ್ಷಗಳ ಹಿಂದಷ್ಟೇ ಚೆನ್ನೈಗೆ ಬಂದವನು. ಕಾಸಿಮೇಡಿನ ಬಂದರಿನಲ್ಲಿ ಅಲೆತಡೆಗೆ ಕಲ್ಲು ಯಾವ ಗಾತ್ರದ್ದು ಹಾಕಬೇಕು ಎಂಬಂಥ ವಿಷಯಗಳಲ್ಲಿ ಸಲಹೆ ಕೊಡುವವನು. ಅವನ ಪ್ರಯೋಗಾಲಯದಲ್ಲಿ ಗಾಜಿನ ಗೋಡೆಯ ಉದ್ದನೆಯ ಕಾಲುವೆಯೊಂದಿತ್ತು. ಒಂದು ತುದಿಯಿಂದ ಪಂಪು ನೀರು ನೂಕಿದರೆ ಇನ್ನೊಂದು ತುದಿಯಲ್ಲಿ ಬೀಳುತ್ತಿತ್ತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅಷ್ಟು ವರ್ಷ ನೀರಿನ ಗಣಿತ ಮಾಡಿದ ರಾಯರು ಕೆಳಗಿಳಿದು ಆ ಕಾಲುವೆಯನ್ನು ನೋಡಿದ್ದು ಅದೇ ಮೊದಲು.

"ಅಲ್ಲ ಸಾರ್, ತೋರ್ಸೋದು ಏನು? ಅಲೆ ಇಲ್ಲ ಅಂತ ತಾನೇ?" ಪದ್ಮನಾಭ ಕೇಳಿದ. "ಜನ ಅಲೆ ನೋಡಕ್ಕೆ ಕಾಸು ಕೊಟ್ಟು ಬತ್ತಾರೆ. ಇಲ್ದೇ ಇರೋದ್ನ ಯಾರು ನೋಡ್ತಾರೆ?"

"ಮೊದಲು ಒಂದು ದಿಬ್ಬ ಇಟ್ಟು ಅಲೆ ತೋರಿಸೋಣ. ಆಮೇಲೆ ಎರಡನೇದು ಇಟ್ಟು ಅಳಿಸೋಣ."

"ಅದೂ ಸರಿ ಅನ್ನಿ. ದಿಬ್ಬ ಮಾಡ್ಸುಕೊಡ್ತೀನಿ. ಎರಡರ ನಡುವೆ ದೂರ ಎಷ್ಟು?"

"ಪೈ," ಎಂದರು ರಾಯರು.

ಪದ್ಮನಾಭ ಪೆನ್ನು ಹಿಡಿದುಕೊಂಡೇ ಕಾದ. "ಪೈ ಏನು ಸಾರ್? ಸೆಂಟಿಮೀಟ್ರಾ, ಅಡಿನಾ, ಮೊಳನಾ?"

"ಬರೀ ಪೈ."

"ಬಡಗಿಗೆ ಬರೀ ಪೈ ಅಂದ್ರೆ ಅವ್ನು ನನ್ನ ಮಖ ನೋಡ್ತಾನೆ ಸಾರ್."

ರಾಯರು ಇಂಥ ಪ್ರಶ್ನೆಯನ್ನು ಎದುರಿಸಿಯೇ ಇರಲಿಲ್ಲ. ಗಣಿತದವರು ನೀರಿನ ಲೆಕ್ಕ ಮಾಡುವಾಗ ಯಾವುದೋ ಒಂದು ಉದ್ದವನ್ನು 'ಒಂದು' ಎಂದು ಹೆಸರಿಟ್ಟು, ಮಿಕ್ಕಿದ್ದನ್ನೆಲ್ಲ ಅದರ ಎಷ್ಟು ಪಾಲು ಎಂದು ಅಳೆಯುತ್ತಾರೆ. ಆಮೇಲೆ ಮೀಟರು ಸೆಂಟಿಮೀಟರುಗಳ ಗೊಡವೆಯೇ ಇಲ್ಲ. ಕಡಲಾದರೂ ಅದೇ ಲೆಕ್ಕ, ಚರಂಡಿಯಾದರೂ ಅದೇ ಲೆಕ್ಕ. ರಾಯರು ಸಂಶೋಧನೆಗೆ ಇಳಿದ ದಿನದಿಂದಲೂ ನೀರಿನ ಆಳವನ್ನು ಒಂದು ಎಂದುಕೊಂಡೇ ಬಂದವರು. ಒಂದು ಏನು ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

"ನೀರಿನ ಆಳ ಒಂದು," ಎಂದರು ಗಂಭೀರವಾಗಿ.

"ಹಂಗ್ ಬನ್ನಿ ದಾರಿಗೆ. ಆಳ ಹದಿನಾರು ಸೆಂಟಿಮೀಟ್ರು ಇಡ್ತೀನಿ. ಅಂದ್ರೆ ಪೈ ಹದಿನಾರ್ಲಿ... ಐವತ್ತು. ಐವತ್ತು ಸೆಂಟಿಮೀಟ್ರು ದೂರ. ಆಯ್ತಾ ಸಾರ್? ಖಂಡಿತಾನಾ?"

"ಗಣಿತದಲ್ಲಿ ಖಂಡಿತ ಅಲ್ಲದ್ದು ಇರಲ್ಲ," ಎಂದು ರಾಯರು ನಕ್ಕರು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆ ಗಣಿತದವರಿಗೆ ಅನ್ವಯಿಸುವುದಿಲ್ಲ ಎಂದು ಅವರ ನಂಬಿಕೆ.

ಬೀಳ್ಕೊಡುಗೆಗೆ ಎರಡು ದಿನ ಮುಂಚೆ ಜಾನಕಮ್ಮನನ್ನು ಕರೆದುಕೊಂಡು ಬಂದರು. ಅವರು ಗಂಡನ ಕೆಲಸ ನೋಡುವುದೆಂದು ಕಂದುಬಣ್ಣದ ಕಾಂಚೀಪುರಂ ಸೀರೆ ಉಟ್ಟು, ಹೂವು ಮುಡಿದು ಬಂದಿದ್ದರು. ಜೊತೆಗೆ ಮಗಳು ಶ್ರೀಪ್ರಿಯಾ. ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ ಮಾಡುವ ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅವಳು ಮೊಬೈಲ್ ಹಿಡಿದು ವಿಡಿಯೊ ಮಾಡಲು ಸಿದ್ಧಳಾಗಿದ್ದಳು.

ಪದ್ಮನಾಭ ಪಂಪು ಹಾಕಿದ. ಕಾಲುವೆಯ ತಳದಲ್ಲಿ ಒಂದೇ ದಿಬ್ಬ. ನಯವಾಗಿ ಉಜ್ಜಿದ ಮರದ್ದು, ಒಬ್ಬಟ್ಟಿನ ಹೂರಣ ಮುದ್ದೆಯಷ್ಟು ಉಬ್ಬು. ನೀರು ಸರಸರನೆ ಬಂದು ಅದನ್ನು ದಾಟಿತು. ದಾಟಿದ್ದೇ ತಡ, ಆಚೆ ಕಡೆ ಮೇಲ್ಮೈಯಲ್ಲಿ ಅಲೆಗಳ ಸಾಲು ಎದ್ದಿತು. ನೀರು ಓಡುತ್ತಲೇ ಇತ್ತು, ಅಲೆಗಳು ಮಾತ್ರ ನಿಂತಲ್ಲೇ ನಿಂತಿದ್ದವು.

"ಅಯ್ಯೋ, ನಿಂತುಬಿಟ್ಟಿದೆಯಲ್ಲ!" ಎಂದರು ಜಾನಕಮ್ಮ. "ನೀರು ಹೋಗ್ತಾ ಇದೆ, ಅಲೆ ಹೋಗ್ತಾ ಇಲ್ಲ."

ರಾಯರಿಗೆ ಮೈ ಜುಂ ಎಂದಿತು. ಎಷ್ಟೋ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಪೂರ್ತಿ ತಿಳಿಯದಿದ್ದದ್ದು ಇವಳ ಕಣ್ಣಿಗೆ ಒಂದೇ ನೋಟಕ್ಕೆ ಬಿದ್ದಿದೆ. "ಇರು ಜಾನಕಿ, ಇನ್ನೂ ಇದೆ. ಈಗ ಎರಡನೇ ದಿಬ್ಬ ಇಡ್ತೀವಿ. ಆಮೇಲೆ ನೋಡು."

ಪದ್ಮನಾಭ ತೋಳು ಮಡಿಸಿ, ಐವತ್ತು ಸೆಂಟಿಮೀಟರು ಅಳೆದು, ಎರಡನೆಯ ದಿಬ್ಬವನ್ನು ಕೂರಿಸಿ ಮತ್ತೆ ಪಂಪು ಹಾಕಿದ. ರಾಯರು ಕೈ ಕಟ್ಟಿಕೊಂಡು, ಇನ್ನೇನು ನೀರು ಸಮತಟ್ಟಾಗುತ್ತದೆ ಎಂದು ಕಾದರು.

ನೀರು ಎದ್ದಿತು. ಮೊದಲಿನ ಅಲೆಯ ಎರಡರಷ್ಟು ಎದ್ದಿತು. ಎದ್ದು, ಕಾಲುವೆಯ ಕೊನೆಯ ತಡೆಗೆ ಬಡಿದು, ಅಲ್ಲಿಂದ ಚಿಮ್ಮಿ ಜಾನಕಮ್ಮನ ಸೆರಗಿನ ಮೇಲೂ, ಮುಡಿದ ಹೂವಿನ ಮೇಲೂ ಬಿತ್ತು. ಪದ್ಮನಾಭ ಓಡಿಹೋಗಿ ಪಂಪು ಆರಿಸಿದ. ಆಮೇಲೆ ಜಾನಕಮ್ಮ ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗಿತ್ತು! ಒಂದು ಕಲ್ಲಿಗೆ ಅಷ್ಟು, ಎರಡು ಕಲ್ಲಿಗೆ ಇಷ್ಟು! ನೀವು ಇಷ್ಟು ದೊಡ್ಡದಾಗಿ ಮಾಡ್ತೀರಂತ ನಂಗೆ ಗೊತ್ತೇ ಇರ್ಲಿಲ್ಲ." ಅವರ ಮುಖ ಹೊಳೆಯುತ್ತಿತ್ತು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸೂಪರ್ ಪಾ! ವೇರ ಲೆವೆಲ್!" ಎಂದಳು ಶ್ರೀಪ್ರಿಯಾ. ಅಷ್ಟರಲ್ಲಾಗಲೇ ವಿಡಿಯೊ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿಯಾಗಿತ್ತು.

ರಾಯರು ಹೇಳಲೆಂದು ಮುಂದೆ ಬಂದರು. ಇದು ತಪ್ಪು, ಆಗಬೇಕಾದ್ದರ ಪೂರಾ ಉಲ್ಟಾ ಎಂದು ಹೇಳಬೇಕು. ಆದರೆ ಅವಳು ಗಂಡನ ಕೆಲಸ ನೋಡಿ ಖುಷಿಪಟ್ಟದ್ದು ಇದೇ ಮೊದಲು. ಸೀರೆ ನೆನೆದರೂ ಖುಷಿಪಟ್ಟಿದ್ದಾಳೆ. ಆ ಮುಖ ನೋಡಿ ಅದು ತಪ್ಪೆಂದು ಹೇಳಲು ಅವರಿಗೆ ನಾಲಿಗೆ ಬರಲಿಲ್ಲ. ಪದ್ಮನಾಭ ಪಕ್ಕಕ್ಕೆ ಬಂದು ಮೆಲ್ಲಗೆ, "ಸಾರ್, ಅಲೆ ಅಳ್ಸೋಕೆ ಹೋಗಿ ಬೆಳ್ಸುಬುಟ್ರಲ್ಲ," ಎಂದ. ರಾಯರು ಕೇಳಿಸದವರಂತೆ ಛತ್ರಿ ಹುಡುಕಿದರು.

ಆ ಸಂಜೆ ಮನೆಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ತಿರುವಲ್ಲಿಕ್ಕೇಣಿಯ ಚಿಕ್ಕಪ್ಪನ ಮಗ ಸುಘೋಷ ಫೋನು ಮಾಡಿ, "ಇಷ್ಟು ವರ್ಷ ಅಡಗಿಸಿ ಇಟ್ಟಿದ್ಯಲ್ಲೋ, ಒಳ್ಳೆ ಸುನಾಮಿ ಮಾಡ್ತೀಯ!" ಎಂದ. ಕುಂಭಕೋಣದ ನಾದಿನಿ ಕೈ ಮುಗಿಯುವ ಚಿತ್ರ ಕಳಿಸಿದಳು. ಹೀಗೆ ಕಮಲಾಕರ ರಾಯರು ಬಂಧುಬಳಗದಲ್ಲಿ ಮೊದಲ ಬಾರಿಗೆ ಪ್ರಸಿದ್ಧರಾದರು, ತಮ್ಮ ಪ್ರಮೇಯದ ವಿರುದ್ಧವಾದದ್ದನ್ನು ಸಾಧಿಸಿದ್ದಕ್ಕೆ. ಜಾನಕಮ್ಮ ಎಲ್ಲರಿಗೂ ಹೇಳುತ್ತಿದ್ದರು: "ಆಮಾ ಆಮಾ, ಹೌದು, ನಾಡಿದ್ದು ಸ್ಟೇಜ್ ಮೇಲೆ ಇದನ್ನೇ ಹೇಳ್ತೀನಿ. ಇವರು ಅಲೆ ದೊಡ್ಡದು ಮಾಡ್ತಾರೆ ಅಂತ."

ಇಡೀ ಗಣಿತ ವಿಭಾಗ ಕೂತಿರುವ ಸಭೆಯಲ್ಲಿ ಆ ಮಾತು ಹೇಗಿರುತ್ತದೆಂದು ನೆನೆದು ರಾಯರಿಗೆ ಊಟ ಸೇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾವು ತೋರಿಸಬೇಕೆಂದದ್ದನ್ನು ಅವಳು ನೋಡಲೇ ಇಲ್ಲವಲ್ಲ ಎಂಬುದು ಕೊರೆಯಿತು. ದಿಬ್ಬಗಳ ದೂರ ಪೈ ಎಂದು ಬರೆದಿದ್ದ ತಮ್ಮ ಕೊನೆಯ ಪ್ರಬಂಧವನ್ನು ತೆಗೆದು ಸಾಲು ಸಾಲಾಗಿ ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಗಣಿತ ಸರಿಯಾಗಿದೆ, ನೀರೇ ತಪ್ಪು ಮಾಡಿದೆ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು.

ಮರುದಿನ ಬೆಳಿಗ್ಗೆ ಜಾನಕಮ್ಮ ಫೋನಿನಲ್ಲಿ ಇನ್ನೂ ಯಾರಿಗೋ ಸೀರೆ ನೆನೆದ ಕಥೆ ಹೇಳುತ್ತಿದ್ದರು. ಮಧ್ಯೆ ಫೋನು ಪಕ್ಕಕ್ಕೆ ಹಿಡಿದು, "ಏನೂಂದ್ರೆ, ಕುಕ್ಕರಿಗೆ ಒಂದು ಲೋಟ ಅಕ್ಕಿ, ಮೂರು ಲೋಟ ನೀರು ಹಾಕಿ ಇಡಿ," ಎಂದು ಕೂಗಿದರು. ರಾಯರು ಯೋಚನೆಯಲ್ಲೇ ಅಡಿಗೆಮನೆಗೆ ಹೋಗಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಮೂರು ಸೀಟಿ ಆಯಿತು. ಮುಚ್ಚಳ ತೆಗೆದ ಜಾನಕಮ್ಮ ಒಳಗೆ ಬಗ್ಗಿ ನೋಡಿ, ಫೋನು ಇಟ್ಟುಬಿಟ್ಟರು.

"ಇದೇನು ಗಂಜಿ? ಎಷ್ಟು ನೀರು ಹಾಕಿದ್ರಿ?"

"ಮೂರು ಲೋಟ. ನೀನೇ ಹೇಳಿದ್ದು."

"ಯಾವ ಲೋಟ?"

ರಾಯರು ಒಲೆಯ ಪಕ್ಕ ತೋರಿಸಿದರು. ಅಲ್ಲಿ ಎರಡು ಲೋಟಗಳಿದ್ದವು. ಒಂದು ಜಾನಕಮ್ಮ ತವರಿನಿಂದ ತಂದ ಸಣ್ಣ ಸ್ಟೀಲ್ ಲೋಟ. ಇನ್ನೊಂದು ರಾಯರ ತಾಯಿಯ ಕಾಲದ ದಪ್ಪನೆಯ ಹಿತ್ತಾಳೆ ಲೋಟ. ಅಕ್ಕಿ ಡಬ್ಬಿಯೊಳಗಿದ್ದ ಸ್ಟೀಲ್ ಲೋಟದಲ್ಲಿ ಅಕ್ಕಿ ಅಳೆದಿದ್ದರು, ಕೊಡದ ಮೇಲಿದ್ದ ಹಿತ್ತಾಳೆಯದರಲ್ಲಿ ನೀರು.

"ಕಷ್ಟಕಾಲ! ಅಕ್ಕಿ ನನ್ನ ಲೋಟದಲ್ಲಿ, ನೀರು ನಿಮ್ಮಮ್ಮನ ಲೋಟದಲ್ಲಿ! ಇದು ಬೇರೆ ಅದು ಬೇರೆ ಅಂತ ತಿಳೀಬೇಡ್ವಾ? ಒಂದು ಅಂದ್ರೆ ಎಲ್ಲಾ ಒಂದೇನಾ?" ಎಂದ ಜಾನಕಮ್ಮ, ಗಂಜಿಯನ್ನು ಕೆದಕುತ್ತಾ ಹೇಳಿದರು: "ನಿಮ್ಮನ್ನ ಹೇಳಿ ಏನು? ನಾನೂ ಈ ಮನೆಗೆ ಬಂದ ಹೊಸದ್ರಲ್ಲಿ ಇದೇ ಮಾಡಿದ್ದೆ. ಅವತ್ತು ಇಲ್ಲಿ, ಇದೇ ಜಾಗದಲ್ಲಿ..."

ಅವರು ಮುಂದೆ ಏನು ಹೇಳುವವರಿದ್ದರೋ, ರಾಯರು ಅಲ್ಲಿರಲಿಲ್ಲ. ಪ್ರಬಂಧ ಇಟ್ಟಿದ್ದ ಕೋಣೆಗೆ ಓಡಿದ್ದರು. ಓಡಿದವರು ಮೊದಲ ಪುಟದ ಒಂದು ಸಾಲನ್ನು ನೋಡಿ ಹಣೆ ಬಡಿದುಕೊಂಡರು.

ಎಷ್ಟೋ ವರ್ಷ ನೀರಿನ ಆಳವನ್ನು ಒಂದು ಎಂದುಕೊಂಡು ಬಂದ ರಾಯರು, ಈ ಕೊನೆಯ ಪ್ರಬಂಧದಲ್ಲಿ ಮಾತ್ರ ಸೂತ್ರ ನೋಡಲು ಚಂದ ಎಂಬ ಆಸೆಗೆ ಬಿದ್ದು ಅಳತೆಗೋಲನ್ನೇ ಬದಲಾಯಿಸಿದ್ದರು. ಇಲ್ಲಿ ಒಂದು ಎಂದರೆ ನೀರಿನ ವೇಗದಿಂದ ಬರುವ ಬೇರೊಂದು ಉದ್ದ. ಪದ್ಮನಾಭ ಹರಿಸಿದ ನೀರಿಗೆ ಅದು ಆಳದ ಕಾಲು ಭಾಗ, ನಾಲ್ಕೇ ಸೆಂಟಿಮೀಟರು. ಅವನು ಕೇಳಿದಾಗ ಬಾಯಿಗೆ ಬಂದದ್ದು ಹಳೆಯ ಅಭ್ಯಾಸ. ಪೈ ಒಂದು ಲೋಟದ್ದು, ಅವರು ಹೇಳಿದ 'ಒಂದು' ಇನ್ನೊಂದು ಲೋಟದ್ದು. ಹಾಗಾಗಿ ದಿಬ್ಬಗಳು ಅಲೆ ಅಳಿಯುವ ಕಡೆ ಕೂರುವ ಬದಲು ಅಲೆ ಕೂಡುವ ಕಡೆ ಕರಾರುವಾಕ್ಕಾಗಿ ಕೂತಿದ್ದವು. ತಪ್ಪಿನಲ್ಲೂ ಅಷ್ಟು ನಿಖರತೆ ಗಣಿತದವರಿಗಲ್ಲದೆ ಬೇರೆಯವರಿಗೆ ಸಾಧ್ಯವಿಲ್ಲ.

ಹೇಳದೆ ವಿಧಿಯಿರಲಿಲ್ಲ. ರಾಯರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. "ಜಾನಕಿ, ನಿನ್ನೆ ನೀನು ನೋಡಿದ್ದು ತಪ್ಪು. ಅಲೆ ದೊಡ್ಡದಾಗಬಾರದಿತ್ತು. ಇರಲೇಬಾರದಿತ್ತು."

"ಹಾಗಾದ್ರೆ ನಾನು ಚಪ್ಪಾಳೆ ತಟ್ಟಿದ್ದು?"

"ನನ್ನ ತಪ್ಪಿಗೆ."

ಜಾನಕಮ್ಮ ಸೌಟನ್ನು ಗಂಜಿಯಲ್ಲೇ ಬಿಟ್ಟು ಅವರ ಕಡೆ ತಿರುಗಿದರು. "ಸೀರೆ ನೆನೆದದ್ದು?"

"ಅದೂ."

"ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ," ಎಂದರು ರಾಯರು. "ಹೇಳಕ್ಕೆ ಮನಸ್ಸು ಬರ್ಲಿಲ್ಲ."

ಜಾನಕಮ್ಮನಿಗೆ ಬಂದ ಸಿಟ್ಟು ಈ ಮಾತಿಗೆ ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇರಲಿ, ಬೇಕಾಗುತ್ತದೆ ಎಂದು ಇಟ್ಟುಕೊಂಡರು. "ಸೆರಿ, ಇನ್ನೊಂದು ಸಲ ತೋರಿಸಿ. ಈ ಸಲ ಹಳೇ ಸೀರೆ ಉಟ್ಕೊಂಡು ಬರ್ತೀನಿ."

ಬೀಳ್ಕೊಡುಗೆಯ ದಿನವೇ ಬೆಳಿಗ್ಗೆ ಬೇಗ ಮೂವರೂ ಮತ್ತೆ ಪ್ರಯೋಗಾಲಯದಲ್ಲಿ ಸೇರಿದರು. ಶ್ರೀಪ್ರಿಯಾ ಬರಲಿಲ್ಲ. ಅಲೆ ಇಲ್ಲದ ವಿಡಿಯೊ ಯಾರು ನೋಡುತ್ತಾರೆ ಎಂಬುದು ಅವಳ ಅಭಿಪ್ರಾಯ. ಪದ್ಮನಾಭ ಹೊಸ ಲೆಕ್ಕ ಕೇಳಿ, "ನಾನು ಅವತ್ತೇ ಕೇಳುದ್ನಲ್ಲ ಸಾರ್, ಖಂಡಿತಾನಾ ಅಂತ," ಎಂದ. ಹೊಸ ಲೆಕ್ಕದಲ್ಲಿ ದಿಬ್ಬಗಳ ನಡುವೆ ಹನ್ನೆರಡೂವರೆ ಸೆಂಟಿಮೀಟರು ಸಾಕು. ಅಷ್ಟು ಹತ್ತಿರ ಇಟ್ಟರೆ ಒಂದಕ್ಕೊಂದು ತಾಗಿ ನೀರು ಗೊಂದಲವಾಗುತ್ತದೆ ಎಂದ ಪದ್ಮನಾಭ. ಹಾಗಾದರೆ ಅದರ ಮೂರರಷ್ಟು ಇಡು, ಮಧ್ಯೆ ಒಂದು ಪೂರ್ತಿ ಅಲೆ ಹೆಚ್ಚಿಗೆ ಸೇರುತ್ತದೆ ಅಷ್ಟೆ, ಗಣಿತ ಅದನ್ನೂ ಒಪ್ಪುತ್ತದೆ ಎಂದರು ರಾಯರು. ಈ ಸಲ ಎಲ್ಲವನ್ನೂ ಸೆಂಟಿಮೀಟರಿನಲ್ಲೇ ಹೇಳಿದರು.

ಪಂಪು ಶುರುವಾಯಿತು. ಜಾನಕಮ್ಮ ಎರಡು ಹೆಜ್ಜೆ ಹಿಂದೆ ನಿಂತರು. ನೀರು ಬಂತು, ಮೊದಲ ದಿಬ್ಬ ದಾಟಿತು, ಎರಡನೆಯದನ್ನು ದಾಟಿತು, ಆಮೇಲೆ ಸುಮ್ಮನಾಯಿತು. ಎಲ್ಲೋ ಸಣ್ಣ ನಡುಕ ಬಿಟ್ಟರೆ ಆಚೆಗಿನ ನೀರು ಹಾಸಿದ ಬಟ್ಟೆಯ ಹಾಗೆ ಸಪಾಟಾಗಿ ಹರಿದು ತುದಿಯಲ್ಲಿ ಸದ್ದಿಲ್ಲದೆ ಇಳಿದುಹೋಯಿತು.

ರಾಯರ ಕಣ್ಣಲ್ಲಿ ನೀರು ಬಂತು. ಅವರೂ ಇದನ್ನು ನೋಡಿದ್ದು ಇದೇ ಮೊದಲು. ಕಾಗದದ ಮೇಲೆ ಸೊನ್ನೆಗೆ ಸಮ ಎಂದು ಬರೆದದ್ದು ಕಣ್ಣೆದುರಿಗೆ ಸೊನ್ನೆಯಾಗಿ ಹರಿಯುತ್ತಿದೆ. "ನೋಡು ಜಾನಕಿ," ಎಂದರು. "ಇದೇ ನಾನು ಮಾಡಿದ್ದು. ಕೆಳಗೆ ಎರಡೆರಡು ಅಡ್ಡಿ ಇದೆ. ಆಚೆ ನಿಂತವನಿಗೆ ಏನೂ ಗೊತ್ತಾಗಲ್ಲ."

ಜಾನಕಮ್ಮ ಕಾಲುವೆಯ ಹತ್ತಿರ ಬಂದರು. ಸಪಾಟಾದ ನೀರನ್ನು ನೋಡಿದರು. ನಿಧಾನವಾಗಿ ಗಾಜಿನ ಗೋಡೆಯ ಪಕ್ಕದಲ್ಲೇ ನಡೆದು, ಎರಡು ದಿಬ್ಬಗಳ ನಡುವೆ ನಿಂತು, ಗಾಜಿಗೆ ಬೆರಳು ಒತ್ತಿದರು. ಅಲ್ಲಿ ನೀರು ಏರಿ, ಇಳಿದು, ಮತ್ತೆ ಏರಿ ನಿಂತಿತ್ತು. ಒಂದೊಂದು ಅಲೆಯೂ ಮೊನ್ನೆ ಒಂಟಿ ದಿಬ್ಬದ ಹಿಂದೆ ಕಂಡಷ್ಟೇ ದೊಡ್ಡದು.

"ಆಚೆ ಇಲ್ಲ, ಸೆರಿ. ಇಲ್ಲಿ ಇದೆಯಲ್ಲ?"

"ಅದಾ? ಅದು ಮಧ್ಯೆ ಸಿಕ್ಕಿಹಾಕಿಕೊಂಡ ಅಲೆ. ಈಚೆ ಬರಕ್ಕೆ ಅದಕ್ಕೆ ಆಗಲ್ಲ. ಅದನ್ನ ಲೆಕ್ಕಕ್ಕೆ ತಗೋಬೇಕಾಗಿಲ್ಲ."

"ಲೆಕ್ಕಕ್ಕೆ ಇಲ್ವಾ?"

"ಇದೆ, ಆದ್ರೆ... ನಮಗೆ ಬೇಕಾದ್ದು ಈ ಕಡೆಯದು."

ಜಾನಕಮ್ಮ ಬೆರಳು ತೆಗೆಯಲಿಲ್ಲ. ಅವರು ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಬಹಳ ದಿನದಿಂದ ಹುಡುಕುತ್ತಿದ್ದ ಸಾಮಾನು ಸಿಕ್ಕವರಂತೆ ಹೇಳಿದರು: "ಇದು ನನಗೆ ಗೊತ್ತು. ಈ ದಿಬ್ಬ ನಿಮ್ಮಮ್ಮ. ಆ ದಿಬ್ಬ ನಾನು. ಅಲೆ ಎಲ್ಲಾ ನಮ್ಮಿಬ್ಬರ ಮಧ್ಯೆ. ನೀವು ಅಲ್ಲಿ ತುದೀಲಿ ಕೂತ್ಕೊಂಡು, ನಮ್ಮನೇಲಿ ಒಂದು ಸದ್ದು ಕೇಳಿದ್ದಿಲ್ಲ ಅಂತ ಊರಿಗೆಲ್ಲಾ ಹೇಳಿದ್ರಿ."

ರಾಯರು ನೀರನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಅತ್ತೆ ಕೆಟ್ಟವರಲ್ಲ," ಎಂದರು ಜಾನಕಮ್ಮ. "ನಾನೂ ಕೆಟ್ಟವಳಲ್ಲ. ಇವನು ಓದ್ತಾ ಇದಾನೆ, ಇವನಿಗೆ ಕೇಳಬಾರದು ಅಂತ ಅವರೂ, ಇವರು ಬರೀತಾ ಇದಾರೆ, ಇವರಿಗೆ ಗೊತ್ತಾಗಬಾರದು ಅಂತ ನಾನೂ... ಇಬ್ರೂ ದೂರ ಸರಿಯಾಗಿ ಇಟ್ಕೊಂಡ್ವಿ. ಅಷ್ಟೇ."

ಪದ್ಮನಾಭನಿಗೆ ಆಗಲೇ ಪಂಪಿನ ಕಡೆ ಏನೋ ತುರ್ತು ಕೆಲಸ ನೆನಪಾಗಿ ಅವನು ಕಾಲುವೆಯ ಆ ತುದಿಗೆ ಹೋಗಿದ್ದ.

ಮಧ್ಯಾಹ್ನದ ಸಭೆಯಲ್ಲಿ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಭಾಷಣ ಮಾಡಿದವರೆಲ್ಲ ರಾಯರನ್ನು ಶಾಂತಮೂರ್ತಿ ಎಂದರು. ಕೊನೆಗೆ ಜಾನಕಮ್ಮನ ಎರಡು ಮಾತು. ರಾಯರು ಖುರ್ಚಿಯ ತುದಿಗೆ ಬಂದು ಕೂತರು. ಜಾನಕಮ್ಮ ಮೈಕಿನ ಮುಂದೆ ನಿಂತು ತಮಿಳಿನಲ್ಲಿ ನಿಜಕ್ಕೂ ಎರಡೇ ಮಾತು ಆಡಿದರು. "ಮೇಲೆ ನೀರು ಸುಮ್ಮನೆ ಇರಬೇಕಾದರೆ ಕೆಳಗೆ ಎಷ್ಟು ನಡೆಯಬೇಕು ಎಂಬುದನ್ನು ಇವರು ಕಂಡುಹಿಡಿದರು. ಕಂಡುಹಿಡಿಯಲು ಇಷ್ಟು ವರ್ಷ ಬೇಕಾಯಿತು."

ಗಣಿತ ವಿಭಾಗದವರು ಇಷ್ಟು ಚೊಕ್ಕದಾಗಿ ಯಾರೂ ಹೇಳಿಲ್ಲವೆಂದು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಉತ್ತರ ಕೊಡಲು ಎದ್ದ ರಾಯರು ಅಭ್ಯಾಸಬಲದಿಂದ "ನಮ್ಮ ಮನೆಯಲ್ಲಿ..." ಎಂದು ಶುರುಮಾಡಿ ಅಲ್ಲಿಗೇ ನಿಂತರು. ಎಲ್ಲರಿಗೂ ವಂದನೆ ಹೇಳಿ ಕೂತುಬಿಟ್ಟರು.

ಸಂಜೆ ಮನೆಗೆ ಬಂದು ಜಾನಕಮ್ಮ ಸೀರೆ ಬದಲಾಯಿಸಿ ರಾತ್ರಿಯ ಅಡಿಗೆಗೆ ನಿಂತರು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುವಾಗ ಹಿಂದೆ ಏನೋ ಎಳೆದ ಸದ್ದಾಯಿತು. ರಾಯರು ಹಾಲಿನಿಂದ ಬೆತ್ತದ ಮೋಡಾ ಎಳೆದುಕೊಂಡು ಬಂದು, ಒಲೆಗೂ ಸಿಂಕಿಗೂ ಮಧ್ಯೆ, ಓಡಾಡುವ ದಾರಿಗೆ ಅಡ್ಡವಾಗಿ ಕೂತಿದ್ದರು.

"ಇಲ್ಲಿ ಯಾಕೆ ಕೂತ್ರಿ? ಕಾಲಿಗೆ ಸಿಗ್ತೀರ. ಹೋಗಿ ಹಾಲಿನಲ್ಲಿ ಕೂತ್ಕೊಳಿ."

"ಹೊಸದಾಗಿ ಬಂದಾಗ ನೀನು ಎರಡು ಲೋಟದಲ್ಲಿ ಅಳೆದ್ಯಲ್ಲ," ಎಂದರು ರಾಯರು. "ಅವತ್ತು ಇಲ್ಲಿ ಏನಾಯ್ತು?"

ಜಾನಕಮ್ಮ ಸ್ಟೀಲ್ ಲೋಟವನ್ನು ಅಕ್ಕಿಯಲ್ಲೇ ಬಿಟ್ಟು ತಿರುಗಿ ನಿಂತರು. "ಅದೆಲ್ಲಾ ಈಗ ಯಾಕೆ? ಬಹಳ ಇದೆ. ಒಂದು ದಿನದಲ್ಲಿ ಮುಗಿಯೋದಲ್ಲ."

"ನಾಳೆಯಿಂದ ನನಗೆ ಕೆಲಸ ಇಲ್ಲ," ಎಂದರು ರಾಯರು. "ಮೊದಲಿಂದ ಹೇಳು."

ಜಾನಕಮ್ಮ ಒಲೆ ಆರಿಸಿದರು, ಮೇಲಿನ ಅರೆಯಿಂದ ಹಿತ್ತಾಳೆ ಲೋಟವನ್ನು ತೆಗೆದು ಗಂಡನ ಕೈಗೆ ಕೊಟ್ಟರು. "ಮೊದಲು ಇದನ್ನ ಹಿಡ್ಕೊಂಡು ನೋಡಿ, ಎಷ್ಟು ಭಾರ ಇದೆ ಅಂತ," ಎಂದು ಶುರುಮಾಡಿದರು.